ಲಚ್ಚಿಯ ಬಾಣಂತನವೂ ನನ್ನ ಭಾಷಣವೂ

ಪಶುವೈದ್ಯೆಯಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ನಮ್ಮ ಮನೆಗೆ ಬಂದಿದ್ದಳು. ಟಿ. ನರಸೀಪುರ ತಾಲ್ಲೂಕಿನಲ್ಲಿ ಅವಳ ಮೊದಲ ಪೋಸ್ಟಿಂಗ್. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಮೇಡಂ, ನಿಮ್ಮ ಸರ್ವಿಸ್‌ನಲ್ಲಿ ನೀವು ನೋಡಿದ ದೊಡ್ಡ ಕೇಸು ಯಾವುದು?" ಎಂದು ಕೇಳಿ ನೋಟ್‌ಬುಕ್ಕು ತೆರೆದಳು. ನಾನು, "ನಾಲ್ಕೂವರೆ ಕೆಜಿ ತೂಕದ್ದು" ಎಂದೆ. ಅವಳು ಪೆನ್ನಿಗೆ ಮುಚ್ಚಳ ಹಾಕಿಬಿಟ್ಟಳು. ಹಿರಿಯರು ಹೀಗೆ ತಮಾಷೆ ಮಾಡುತ್ತಾರೆ ಎಂದುಕೊಂಡಿರಬೇಕು. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಬೀಳ್ಕೊಡುಗೆಯ ದಿನ ಹಾಕಿದ ಗಂಧದ ಹಾರ, ಇವು ಯಾವುವೂ ಇದರಲ್ಲಿಲ್ಲ. ನನ್ನ ತಪ್ಪುಗಳಿವೆ, ಬೇಕಾದಷ್ಟಿವೆ.

ನಾನು ಕೆಲಸಕ್ಕೆ ಸೇರಿದ್ದು ನಂಜನಗೂಡು ತಾಲ್ಲೂಕಿನಲ್ಲಿ. ಆಗ ಹೆಂಗಸು ಪಶುವೈದ್ಯೆ ಅಂದರೆ ನೋಡಲೆಂದೇ ಜನ ಬರುತ್ತಿದ್ದರು. ದನ ಹೊಡೆದುಕೊಂಡು ಬರುತ್ತಿರಲಿಲ್ಲ, ಸುಮ್ಮನೆ ಬಂದು ನೋಡಿ ಹೋಗುತ್ತಿದ್ದರು. ನಮಗೆ ಹಸು, ಎಮ್ಮೆ, ಕುರಿ, ಕೋಳಿಯೇ ದೊಡ್ಡ ಕೆಲಸ. ನಾಯಿ ಬಂದರೆ ನಮ್ಮ ಸಾಹೇಬರಿಗೆ ತಲೆನೋವು. ತಿಂಗಳ ವರದಿ ನೋಡಿ ಅವರು ಕೇಳುತ್ತಿದ್ದರು, "ಏನಮ್ಮಾ ಇದು, ನಾಯಿ ಹನ್ನೊಂದು? ನಾಯಿಗೆ ಕಾಲಂ ಎಲ್ಲಿದೆ?" ನಾನು, "ಇತರೆಯಲ್ಲಿ ಹಾಕಿದೀನಿ ಸಾರ್" ಎನ್ನುತ್ತಿದ್ದೆ. "ಇತರೆಯಲ್ಲಿ ಹನ್ನೊಂದಾದರೆ ಮೇಲಿನವರು ಆನೆಯೇ ಬಂತೇನೋ ಅಂದುಕೊಳ್ತಾರೆ. ಮೂರು ಮಾಡು." ಹೀಗೆ ಎಂಟು ನಾಯಿಗಳು ಸರ್ಕಾರದ ಮಟ್ಟಿಗೆ ಹುಷಾರಾಗದೆ ಉಳಿದವು.

ನನ್ನ ಮೊದಲ ನಾಯಿ ಪ್ರಸಂಗ ಬದನವಾಳಿನ ಕಡೆಯದು. ರಿಟೈರಾದ ಮೇಷ್ಟರೊಬ್ಬರು ಜೂಲಿ ಎಂಬ ನಾಯಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದರು. ಮೊಲೆ ಊದಿತ್ತು, ಹೊಟ್ಟೆ ದಪ್ಪಗಿತ್ತು, ಮೂಲೆ ಕೆರೆದು ಗೂಡು ಮಾಡುತ್ತಿತ್ತು. ಆಗ ನಮ್ಮ ಬಳಿ ಸ್ಕ್ಯಾನಿಂಗ್ ಎಲ್ಲಿತ್ತು, ಬೆರಳೇ ಸ್ಕ್ಯಾನಿಂಗ್. ನಾನು ಹೊಟ್ಟೆ ಒತ್ತಿ ನೋಡಿ, ಹೊಸ ಡಾಕ್ಟರ ಠೀವಿಯಲ್ಲಿ, "ನಾಲ್ಕು ಮರಿ" ಎಂದೆ. ಬಸುರಿ ಎಂದಷ್ಟೇ ಹೇಳಿದ್ದರೂ ಸಾಕಾಗಿತ್ತು. ಮೇಷ್ಟರ ಮನೆಯಲ್ಲಿ ಖಾದಿ ತುಂಡುಗಳ ಹಾಸಿಗೆ ತಯಾರಾಯಿತು, ಬೀದಿಯಲ್ಲಿ ನಾಲ್ಕು ಮನೆಯವರು ಒಂದೊಂದು ಮರಿಗೆ ಹೇಳಿಟ್ಟರು. ದಿನ ತುಂಬಿತು, ತುಂಬಿ ಕಳೆಯಿತು. ಒಂದು ದಿನ ಮೇಷ್ಟರು ಬಂದು, ಹಾಜರಿ ಕೂಗುವ ದನಿಯಲ್ಲಿ ಹೇಳಿದರು. "ಡಾಕ್ಟ್ರೇ, ನಿಮ್ಮ ಲೆಕ್ಕ ಸರಿಯಾಗಿದೆ. ನಾಲ್ಕು. ನನ್ನ ಎರಡು ಚಪ್ಪಲಿ, ಒಂದು ಕಾಲುಚೀಲ, ಒಂದು ತೆಂಗಿನ ಚಿಪ್ಪು. ನಾಲ್ಕಕ್ಕೂ ಹಾಲು ಕುಡಿಸ್ತಾ ಮಲಗಿದೆ."

ಅದು ಸುಳ್ಳು ಬಸಿರು. ಬೆದೆ ಕಳೆದ ಮೇಲೆ ಕೆಲವು ಹೆಣ್ಣುನಾಯಿಗಳಿಗೆ ಹೀಗಾಗುತ್ತದೆ, ಹಾಲೂ ಬರುತ್ತದೆ, ಮರಿ ಮಾತ್ರ ಇರುವುದಿಲ್ಲ. ಓದಿದ್ದೆ, ಆ ಹೊತ್ತಿಗೆ ನೆನಪಾಗಲಿಲ್ಲ. ಬಸ್ಸಿನಲ್ಲಿ ಗುರುತಿನವರು ಸಿಕ್ಕಾಗಲೆಲ್ಲ ಮೇಷ್ಟರ ಚಪ್ಪಲಿಗಳ ಆರೋಗ್ಯ ವಿಚಾರಿಸುತ್ತಿದ್ದರು. ಇದರಿಂದ ನಾನು ಕಲಿಯಬೇಕಾಗಿದ್ದು ಸರಿಯಾಗಿ ಪರೀಕ್ಷೆ ಮಾಡುವುದನ್ನು. ಕಲಿತದ್ದು ನಾಯಿಯ ವಿಷಯದಲ್ಲಿ ಬಸುರಿ ಎಂಬ ಮಾತನ್ನೇ ಬಾಯಿಂದ ಆಡದಿರುವುದನ್ನು. ಅದರ ಪೆಟ್ಟು ಎಷ್ಟೋ ವರ್ಷದ ಮೇಲೆ ಬೇರೊಂದು ನಾಯಿಗೆ ಬಿತ್ತು.

ಸರ್ವಿಸ್ಸಿನ ಕೊನೆಯ ವರ್ಷಗಳಲ್ಲಿ ನಾನು ಬನ್ನೂರಿನ ಆಸುಪಾಸಿನ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದೆ. ಭತ್ತ, ಕಬ್ಬು, ಮನೆ ಮನೆಗೂ ಸೀಮೆಹಸು. ಹಾಲಿನ ಡೈರಿಯ ಕಟ್ಟಡದಲ್ಲಿ ಹೆಂಗಸರನ್ನು ಸೇರಿಸಿ ನಾನು ಆಗಾಗ ಭಾಷಣ ಮಾಡುತ್ತಿದ್ದೆ. ಅದರಲ್ಲಿ ನನಗೆ ಪ್ರಿಯವಾದ ಸಾಲೊಂದಿತ್ತು. "ಬಸುರಿಗೆ ಕ್ಯಾಲ್ಸಿಯಂ ತಪ್ಪಿಸಬೇಡಿ. ಹೊಟ್ಟೇಲಿರೋದು ತಾಯಿಯ ಮೂಳೆ ತಿಂದು ಬೆಳೆಯುತ್ತೆ." ಹೇಳುವಾಗ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಒಂದು ಕ್ಷಣ ನಿಲ್ಲಿಸುತ್ತಿದ್ದೆ. ಹೆಂಗಸರು ಲೊಚಗುಟ್ಟುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಲೊಚಗುಟ್ಟುತ್ತಿದ್ದವರು ಚಿಕ್ಕತಾಯಮ್ಮ. ಅರವತ್ತರ ಹತ್ತಿರದ ವಯಸ್ಸು, ಮೂರು ಹಸು, ಬೋರೇಗೌಡರೆಂಬ ಮಾತು ಕಡಿಮೆಯ ಗಂಡ, ಲಚ್ಚಿ ಎಂಬ ನಾಯಿಮರಿ.

ಲಚ್ಚಿ ಬಿಳಿ ಮೈಗೆ ಕಂದು ಕಿವಿ ಅಂಟಿಸಿದ ಪುಟ್ಟ ಜಾತಿಯ ನಾಯಿ. ನಾನೇ ರೇಬೀಸ್ ಲಸಿಕೆ ಹಾಕಿದ್ದೆ. ಅದಕ್ಕೆ ಎಂಟು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಗಂಡ ಹೆಂಡತಿ ಸ್ಕೂಟರಿನಲ್ಲಿ ತಂದರು. ಊಟ ಬಿಟ್ಟಿದೆ, ವಾಂತಿ ಮಾಡುತ್ತಿದೆ. ನನ್ನ ಅಟೆಂಡರ್ ಸಿದ್ದಯ್ಯ ನನಗಿಂತ ಹೆಚ್ಚು ದನ ಕಂಡವನು. ಲಚ್ಚಿಯನ್ನು ಮೇಜಿನ ಮೇಲೆ ಹಿಡಿದುಕೊಂಡು ಹೊಟ್ಟೆ ಕಡೆ ಬಗ್ಗಿ ನೋಡಿ, ನನಗಷ್ಟೇ ಕೇಳುವ ಹಾಗೆ, "ಮೇಡಂ, ತೊಟ್ಟು ಕೆಂಪಗವೆ. ಬಸ್ರೇನೋ" ಎಂದ.

ಚಿಕ್ಕತಾಯಮ್ಮನ ಕಿವಿ ಚುರುಕು. "ಯಾವ್ ಬಸ್ರು? ಅದಿನ್ನೂ ಮಗ ಕಣ್ಲಾ ಸಿದ್ದಯ್ಯ. ಆಲಲ್ಲು ಮೊನ್ನೆ ಮೊನ್ನೆ ಬಿದ್ದವೆ. ನಮ್ ಕಡಸೇ ಎಲ್ಡ್ ವರ್ಸ ಆದ್ರೂ ಬೆದೆಗ್ ಬಂದಿಲ್ಲ."

ಹಸು ಸಾಕುವವರ ಲೆಕ್ಕ ಹೀಗೆಯೇ. ನಾಯಿ ಆರೇಳು ತಿಂಗಳಿಗೆ ಬೆದೆಗೆ ಬರಬಹುದು, ಬಂದರೆ ಗಬ್ಬವೂ ನಿಲ್ಲಬಹುದು ಎಂದು ಅವರಿಗೆ ತಿಳಿಸಬೇಕಾದದ್ದು ನನ್ನ ಕೆಲಸ. ಆದರೆ ನನ್ನ ಕಣ್ಣ ಮುಂದೆ ಮೇಷ್ಟರ ಎರಡು ಚಪ್ಪಲಿ ಬಂದು ನಿಂತವು. "ಜಂತುಹುಳ ಇರಬೇಕು" ಎಂದು ಮಾತ್ರೆ ಕೊಟ್ಟು ಕಳಿಸಿದೆ. ಸಿದ್ದಯ್ಯ ಮೇಜು ಒರೆಸುತ್ತಾ, "ಉಳ ಇದ್ರೂ ಇರ್ಬೋದು ಬುಡಿ, ಕಾಲಿರೋ ಉಳ" ಎಂದ.

ಮೂರು ವಾರಕ್ಕೆ ಮತ್ತೆ ಬಂದರು. ಈ ಸಲ ಬೆರಳಿಡುವ ಅಗತ್ಯವೇ ಇರಲಿಲ್ಲ. ಹೊಟ್ಟೆ ಎರಡೂ ಪಕ್ಕಕ್ಕೆ ಇಳಿದಿತ್ತು, ಒಳಗೆ ಮಿಸುಕಾಡುವುದು ಹೊರಗೇ ಕಾಣುತ್ತಿತ್ತು. ನನ್ನ ತಪ್ಪು ಮುಚ್ಚಿಕೊಳ್ಳಲು ನಾನೇ ದನಿ ಏರಿಸಿದೆ. "ಏನಮ್ಮಾ ಚಿಕ್ಕತಾಯಮ್ಮ, ನಾಯಿ ಬೆದೆಗೆ ಬಂದಾಗ ಕಟ್ಟಿಹಾಕೋದಲ್ವಾ? ಇದರ ಮೈಯೇ ಇನ್ನೂ ಬೆಳೆದಿಲ್ಲ. ಸೊಂಟದ ಮೂಳೆ ಕೂಡಿಲ್ಲ, ಹೆರಿಗೆ ಕಷ್ಟ ಆದರೆ ಜೀವಕ್ಕೇ ಸಂಚಕಾರ. ಮೂರು ವಾರ ಮುಂಚೆ ಬಂದಿದ್ರೆ ಆಪರೇಷನ್ ಮಾಡಿಸಿ ಸುಲಭವಾಗಿ ತೆಗೆಸಬಹುದಿತ್ತು."

ಆಕೆ ನನ್ನನ್ನೇ ನೋಡಿದರು. "ಬಂದಿದ್ವಲ್ಲವ್ವ" ಎಂದರು.

ಸಿದ್ದಯ್ಯ ಹೊರಗೆ ಹೋಗಿ ಯಾಕೋ ಬಹಳ ಹೊತ್ತು ಕೆಮ್ಮಿದ.

ಮೈಸೂರಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದೆ. ಮೂರು ಮರಿ. ಅಲ್ಲಿಯ ಡಾಕ್ಟರು, ಇಷ್ಟು ದಿನವಾದ ಮೇಲೆ ಆಪರೇಷನ್ ಮಾಡಬಹುದು, ಆದರೆ ರಕ್ತಸ್ರಾವದ ಭಯವಿದೆ, ಹೆರಲು ಬಿಟ್ಟರೂ ಭಯವಿದೆ, ನೀವೇ ಯೋಚಿಸಿ ಎಂದರಂತೆ. ಚಿಕ್ಕತಾಯಮ್ಮ ಅಲ್ಲಿಂದ ನೇರ ನನ್ನ ಹತ್ತಿರ ಬಂದರು. "ಮರಿ ಒಂದುಳಿದ್ರೂ ಸೈ, ಒಂದೂ ಉಳೀದಿದ್ರೂ ಸೈ. ನಮ್ ಲಚ್ಚಿ ಉಳೀಬೇಕು. ಏನ್ಮಾಡ್ಲಿ, ನೀವೇಳಿ" ಎಂದರು. ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು. ಹೆರಲಿ ಬಿಡಿ, ಎಷ್ಟು ಹೊತ್ತಿಗೆ ಕರೆದರೂ ಬರುತ್ತೇನೆ ಎಂದೆ. ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಹೊತ್ತು ಊಟ ಕೊಡಿ, ಮೊಟ್ಟೆ ಕೊಡಿ, ಮೆಟ್ಟಿಲು ಹತ್ತಿಸಬೇಡಿ ಎಂದೆಲ್ಲ ಹೇಳಿದೆ. ಏನು ಕೊಡಬಾರದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ. ಕೊಡಬೇಕಾದದ್ದನ್ನು ಹೇಳಿ ಮುಗಿಸಿದ ಮೇಲೆ, ಈಗ ಏನೇನು ಕೊಡುತ್ತಿದ್ದೀರಿ ಎಂದು ಕೇಳಿ.

ಹೆರಿಗೆ ಒಂದು ಮಧ್ಯಾಹ್ನ ಆಯಿತು. ಮೊದಲ ಮರಿ ಸಿಕ್ಕಿಕೊಂಡಿತು. ಎರಡು ಬೆರಳಿನಲ್ಲಿ ಜಾರಿಸಿ ಎಳೆಯುವಷ್ಟರಲ್ಲಿ ನನ್ನ ಬೆನ್ನು ಬೆವರಿಗೆ ಒದ್ದೆ. ಉಳಿದ ಎರಡು ತಾವೇ ಬಂದವು. ಬೋರೇಗೌಡರು ಹಜಾರದಲ್ಲಿ ಶತಪಥ ಹಾಕುತ್ತಿದ್ದವರು, "ಏನ್ ಮಗ?" ಎಂದು ಕೇಳಿದರು. ಎರಡು ಹೆಣ್ಣು, ಒಂದು ಗಂಡು ಎಂದೆ. ಗಂಭೀರವಾಗಿ ತಲೆದೂಗಿದರು.

ವಾರ ಬಿಟ್ಟು ನೋಡಲು ಹೋದಾಗ ನನಗೆ ನಗು ತಡೆಯಲಾಗಲಿಲ್ಲ. ಹಿಂದಿನ ಕೋಣೆಯ ಕಿಟಕಿ ಮುಚ್ಚಿದೆ, ಸಾಂಬ್ರಾಣಿ ಹೊಗೆ ಆಡುತ್ತಿದೆ, ಮೂಲೆಯ ಗೋಣಿಚೀಲದ ಮೇಲೆ ಲಚ್ಚಿ ಮಲಗಿದೆ, ತಲೆಗೆ ಕಿವಿ ಮುಚ್ಚುವಂತೆ ಹಳೇ ಸೀರೆಯ ತುಂಡು ಕಟ್ಟಿದೆ. ಗಲ್ಲದ ಕೆಳಗೆ ಗಂಟು. ಬಾಣಂತಿಗೆ ಗಾಳಿ ಸೋಕಬಾರದಲ್ಲ. ಲಚ್ಚಿಯ ಮುಖದಲ್ಲಿ, ಇವರಿಗೆ ಎದುರಾಡಿ ಪ್ರಯೋಜನವಿಲ್ಲ ಎಂಬ ಭಾವ ಸ್ಪಷ್ಟವಾಗಿತ್ತು. ನಾನು ಬಟ್ಟೆ ಬಿಚ್ಚಿಸಿ, ಕಿಟಕಿ ತೆಗೆಸಿ, ಫೋಟೋ ತೆಗೆದುಕೊಂಡು ಬಂದೆ. ಮೂಲೆಯಲ್ಲಿ ಹಸುವಿಗೆ ಕುಡಿಸುವ ಕ್ಯಾಲ್ಸಿಯಂ ಟಾನಿಕ್ಕಿನ ಕ್ಯಾನು, ಅದರ ಮೇಲೆ ಚಮಚ ಇದ್ದದ್ದು ಆ ಫೋಟೋದಲ್ಲೂ ಇದೆ. ಮೂರು ಹಸುವಿನ ಮನೆಯಲ್ಲಿ ಅದೇನು ವಿಶೇಷ. ಆದರೆ ಹಸುವಿಗೆ ಅದನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಾರೆ, ಚಮಚದಲ್ಲಲ್ಲ. ಅಷ್ಟು ಹೊಳೆಯಲಿಲ್ಲ ನನಗೆ.

ಇನ್ನೊಂದು ವಾರ ಕಳೆದಿರಬೇಕು, ಮಧ್ಯಾಹ್ನ ಮೂರರ ಹೊತ್ತಿಗೆ ಚಿಕ್ಕತಾಯಮ್ಮನ ಫೋನು. "ಡಾಕ್ಟ್ರಮ್ಮ, ಲಚ್ಚಿಗೆ ಉಚ್ಚಿಡಿದದೆ ಅಂತಾವ್ರೆ. ಜೊಲ್ಲು ಸುರಿಸ್ತಾ ನಡುಗ್ತಾ ಅದೆ. ದೊಣ್ಣೆ ತಕ್ಕೊಂಡ್ ಬಂದವ್ರೆ ಕಣವ್ವ. ನಾನ್ ಬಾಕ್ಲಲ್ಲಿ ಕುಂತಿವ್ನಿ. ಬ್ಯಾಗ ಬನ್ನಿ."

ಕಾಲುವೆ ಏರಿಯ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಅಡ್ಡ. ಸಿದ್ದಯ್ಯ ಸ್ಕೂಟರಿನ ಹಿಂದಿನಿಂದ ಅದರ ಡ್ರೈವರಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು. ಹೋಗಿ ನೋಡಿದರೆ ಅಂಗಳದಲ್ಲಿ ಏಳೆಂಟು ಗಂಡಸರು, ಇಬ್ಬರು ಮೂವರ ಕೈಯಲ್ಲಿ ದೊಣ್ಣೆ. ಬೋರೇಗೌಡರ ಕೈಯಲ್ಲೂ ಒಂದಿತ್ತು. ಹೊಡೆಯಲು ತಂದದ್ದೋ, ಊರಿಕೊಂಡು ನಿಲ್ಲಲು ತಂದದ್ದೋ ಅವರಿಗೇ ಗೊತ್ತಿದ್ದಂತಿರಲಿಲ್ಲ. ಚಿಕ್ಕತಾಯಮ್ಮ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದರು. "ಡಾಕ್ಟ್ರಮ್ಮ ಬರೋಗಂಟ ಒಬ್ರೂ ಒಳೀಕ್ ಓಗಂಗಿಲ್ಲ" ಎನ್ನುತ್ತಿದ್ದರು.

ನನಗೂ ಭಯವಾಯಿತು. ಲಸಿಕೆ ಹಾಕಿದ್ದೆ ನಿಜ, ಆದರೆ ಅದೊಂದನ್ನೇ ನಂಬಿ ಕೈ ಒಡ್ಡುವವಳು ನಾನಲ್ಲ. ಗ್ಲೌಸ್ ಹಾಕಿ, ಗೋಣಿಚೀಲ ಅಡ್ಡ ಹಿಡಿದು ಒಳಗೆ ಹೋದೆ. ಲಚ್ಚಿ ನಾಲ್ಕೂ ಕಾಲು ಸೆಟೆದು ಬಿದ್ದಿತ್ತು. ಮೈಯೆಲ್ಲ ನಡುಕ, ಹಲ್ಲು ಕಟಕಟ, ಬಾಯಿಂದ ಜೊಲ್ಲು. ಬಾಗಿಲಿನಿಂದ ಚಿಕ್ಕತಾಯಮ್ಮ, "ಲಚ್ಚೀ" ಎಂದರು. ಬಾಲದ ತುದಿ ಒಂದು ಸಲ ಅಲುಗಿತು. ಥರ್ಮಾಮೀಟರ್ ಇಟ್ಟರೆ ಮೈ ಕಾದ ಹೆಂಚು. ಪಕ್ಕದಲ್ಲಿ ಮೂರು ಮರಿಗಳು, ತಾಯಿ ಸಾಯುತ್ತಿದ್ದರೂ ಮೊಲೆ ಬಿಡದ ಮೂರು ಗುಂಡುಗಳು. ಆಗ ತಿಳಿಯಿತು. ಇದು ಹುಚ್ಚಲ್ಲ, ಹಾಲು ಜ್ವರ. ಹೆಸರು ಹಸುವಿನ ಬೇನೆಯದೇ, ಆದರೆ ಹಸುವಿಗೆ ಮೈ ತಣ್ಣಗಾಗುತ್ತದೆ, ನಾಯಿಗೆ ಸುಡುತ್ತದೆ. ರಕ್ತದ ಕ್ಯಾಲ್ಸಿಯಂ ಅಷ್ಟೂ ಹಾಲಾಗಿ ಹರಿದು ಹೋಗಿರುತ್ತದೆ.

ಸಿದ್ದಯ್ಯ ಮುಂಗಾಲು ಹಿಡಿದ. ಹಸುವಿಗೆಂದು ಬ್ಯಾಗಿನಲ್ಲಿದ್ದ ಕ್ಯಾಲ್ಸಿಯಂ ಬಾಟಲಿಯಿಂದ ಸಿರಿಂಜಿಗೆ ಸ್ವಲ್ಪ ಎಳೆದುಕೊಂಡು, ಸಲೈನ್ ಬೆರೆಸಿ, ರಕ್ತನಾಳಕ್ಕೆ ಕೊಡಲು ಶುರುಮಾಡಿದೆ. ಅವಸರ ಮಾಡಿದರೆ ಎದೆ ನಿಂತುಹೋಗುತ್ತದೆ. ಸ್ಟೆತಾಸ್ಕೋಪ್ ಎದೆಗಿಟ್ಟು, ಬಡಿತ ಎಣಿಸುತ್ತ, ಹನಿ ಹನಿಯಾಗಿ ಕೊಟ್ಟೆ. ಹೊಟ್ಟೆಗೆ ಒದ್ದೆ ಬಟ್ಟೆ ಹಾಕಿಸಿದೆ. ಅರ್ಧ ಸಿರಿಂಜು ಮುಗಿಯುವಾಗ ಹಲ್ಲಿನ ಸದ್ದು ನಿಂತಿತು. ಆಮೇಲೆ ನಡುಕ. ಆಮೇಲೆ ಲಚ್ಚಿ ಆಕಳಿಸಿ, ಎದ್ದು ಕೂತು, ಸುತ್ತ ನಿಂತವರನ್ನು ನೋಡಿ, ದೊಣ್ಣೆ ಹಿಡಿದವನೊಬ್ಬನ ಕಡೆ ತಿರುಗಿ ಒಂದು ಸಲ ಬೊಗಳಿತು. ಅವನು ಎರಡು ಹೆಜ್ಜೆ ಹಿಂದೆ ಹೋದ.

ಮರಿಗಳನ್ನು ಬೇರೆ ಮಾಡಿ ಬಾಟಲಿ ಹಾಲಿಗೆ ಹಾಕಿಸಿದೆ. ಮೂರೂ ಬದುಕಿದವು. ಲಚ್ಚಿಗೆ ಮತ್ತೆ ಬಸಿರಾಗದಂತೆ ಮುಂದೆ ಆಪರೇಷನ್ನೂ ಆಯಿತು, ಅದು ಸಲೀಸಾಗಿಯೇ ಆಯಿತು. ಸಲೀಸಾಗದೆ ಉಳಿದದ್ದು ಆ ದಿನದ ಮುಂದಿನ ಮಾತು.

ಸಿರಿಂಜು ತೊಳೆಯುತ್ತಾ, "ಇದಕ್ಕೆ ಏನೇನು ಕೊಡ್ತಾ ಇದ್ರಿ?" ಎಂದು ಚಿಕ್ಕತಾಯಮ್ಮನನ್ನು ಕೇಳಿದೆ. ಕೇಳಬೇಕಾಗಿದ್ದ ಕಾಲಕ್ಕಿಂತ ಒಂದು ತಿಂಗಳು ತಡವಾಗಿ ಕೇಳಿದೆ. ಆಕೆ ಮೂಲೆಯ ಕ್ಯಾನು ತೋರಿಸಿದರು. "ಬಸ್ರು ಅಂತ ಗೊತ್ತಾದ್ ದಿನದಿಂದ ಬೆಳಿಗ್ಗೆ ಒಂದ್ ಚಮಚ, ಸಂದೆ ಒಂದ್ ಚಮಚ. ಒಂದಿನಾನೂ ತಪ್ಸಿಲ್ಲ. ಎತ್ತ ಮ್ಯಾಲೆ ನಿಲ್ಸ್‌ಬುಟ್ಟೆ. ಅದು ತಣ್ಣಗಲ್ವ, ಬಾಣಂತಿಗೆ ಆಯ್ಕಿಲ್ಲ."

ನಾನು ಅಲ್ಲೇ ಕೂತೆ. ಕೊಡಬಾರದ ಕಾಲದಲ್ಲಿ ಬಿಡದೆ ಕೊಟ್ಟು, ಬೇಕಾದ ಕಾಲದಲ್ಲಿ ಸರಿಯಾಗಿ ನಿಲ್ಲಿಸಿದ್ದರು. ಹೊರಗಿನಿಂದ ದಿನಾ ಬರುತ್ತಿದ್ದರೆ ಮೈ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವುದನ್ನೇ ಮರೆಯುತ್ತದೆ. ಹಾಲು ಇಳಿಯಲು ಶುರುವಾದಾಗ ಒಮ್ಮೆಲೇ ಬರಿದಾಗುತ್ತದೆ. ಪುಟ್ಟ ಜಾತಿಯ ನಾಯಿ, ಬೆಳೆಯದ ಮೈ, ಮೂರು ಮರಿ, ಇನ್ನೇನು ಬೇಕು.

ಬೋರೇಗೌಡರು ಆ ದಿನ ಮೊದಲ ಸಲ ದೊಡ್ಡ ದನಿ ತೆಗೆದರು. "ಅಸೀನ್ ಔಸ್ದಿ ನಾಯಿಗ್ ಕುಡ್ಸು ಅಂತ ಯಾವಳೇ ಏಳ್ಕೊಟ್ಟವ್ಳು ನಿಂಗೆ?"

ಅವರು ಕೇಳಿದ ಆ 'ಯಾವಳು' ನಾನೇ, ಅವರ ಮುಂದೆಯೇ ಕೂತಿದ್ದೆ. ಚಿಕ್ಕತಾಯಮ್ಮ ನನ್ನ ಕಡೆ ಒಂದು ಗಳಿಗೆ ನೋಡಿದರು. "ಯಾರೂ ಏಳಿಲ್ಲ. ನಂಗೇ ಬುದ್ಧಿ ಓಯ್ತು" ಎಂದರು. ಗಂಡಸರು ಆಕೆಯನ್ನು ಹಾಸ್ಯ ಮಾಡಿ ನಕ್ಕರು. ಇಷ್ಟು ವರ್ಷ ಸರ್ವಿಸ್ ಮಾಡಿದ ನಾನು ಆಗಲೇ ತೊಳೆದಿದ್ದ ಸಿರಿಂಜನ್ನು ಮತ್ತೆ ತೊಳೆದೆ. ಬ್ಯಾಗು ಎತ್ತಿಕೊಂಡು ಸ್ಕೂಟರಿನ ಹತ್ತಿರ ಬಂದೆ.

ಆಕೆ ಹಿಂದೆಯೇ ಬಂದರು, ಸೀಟಿಗೆ ಅಂಟಿದ ಧೂಳು ಸೆರಗಿನಲ್ಲಿ ಒರೆಸಿದರು. ನಾನು ಮೆಲ್ಲಗೆ, "ಚಿಕ್ಕತಾಯಮ್ಮ, ಅದನ್ನ ಡೈರೀಲಿ ಹೇಳಿದ್ದು ನಾನು" ಎಂದೆ.

"ಗೊತ್ತು ಕಣವ್ವ. ನಾನೇ ಮುಂದ್ಗಡೆ ಕುಂತಿರ್ಲಿಲ್ವ?"

"ಮತ್ತೆ ಯಾಕೆ ಹೇಳಲಿಲ್ಲ?"

"ನಾನೇಳಿದ್ರೆ ನಾಳಿಂದ ನಿಮ್ ಮಾತ ಈ ಊರಲ್ಲಿ ಒಬ್ರೂ ಕೇಳಾಕಿಲ್ಲ. ಅಸಿಗೆ ಉಸಾರಿಲ್ದಾಗ ಯಾರ್ನ ಕರೆಯೋವು?" ಎಂದು ಸೆರಗು ಕೊಡವಿ, "ನೀವೇ ಏಳ್ಕೊಂಡ್ರೆ ಬ್ಯಾರೆ ಮಾತು" ಎಂದರು.

ಸಿದ್ದಯ್ಯ ಸ್ಕೂಟರ್ ಸ್ಟಾರ್ಟ್ ಮಾಡಿದ್ದವನು ಆಫ್ ಮಾಡಿದ. ನಾನು ವಾಪಸ್ ಅಂಗಳಕ್ಕೆ ಹೋದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಆಯಮ್ಮನ ತಪ್ಪಿಲ್ಲ. ಬಸುರಿಗೆ ಕ್ಯಾಲ್ಸಿಯಂ ತಪ್ಪಿಸಬೇಡಿ ಅಂತ ಡೈರೀಲಿ ಹೇಳಿದ್ದು ನಾನು. ಯಾವ ಬಸುರಿಗೆ, ಯಾವಾಗ ನಿಲ್ಲಿಸಬೇಕು ಅಂತ ಹೇಳಲಿಲ್ಲ. ಹಾಲು ಹಾಕೋ ಹೊತ್ತಾಯ್ತು ಅಂತ ನೀವೆಲ್ಲ ಎದ್ದು ಹೊರಡ್ತಿದ್ರಿ, ನಾನೂ ಅಷ್ಟಕ್ಕೇ ಮುಗಿಸ್ತಿದ್ದೆ. ತಪ್ಪು ನಂದು."

ಲಚ್ಚಿ ಬೊಗಳಿದಾಗ ಹಿಂದೆ ಸರಿದಿದ್ದ ಆ ಗಂಡಸು ಮುಂದೆ ಬಂದ. "ಅಂಗಾರೆ ಅಸಿಗೂ ನಿಲ್ಸ್ಬೇಕಾ ಮೇಡಂ?"

"ಕರು ಹಾಕೋದಕ್ಕೆ ಮುಂಚಿನ ಮೂರು ವಾರ ನಿಲ್ಲಿಸಬೇಕು. ಕರು ಹಾಕಿದ ದಿನದಿಂದ ಮತ್ತೆ ಕೊಡಿ. ಇಲ್ಲಾಂದ್ರೆ ಅದಕ್ಕೂ ಇದೇ ಬೇನೆ."

ಅವನ ಮುಖ ಪೆಚ್ಚಾಯಿತು. "ಅಯ್ಯೋ, ನಮ್ದು ಈ ವಾರ ಕರ ಆಕ್ತದೆ. ಈಗ್ಲೂ ಕುಡುಸ್ತಾವ್ಳೆ ನನ್ನೆಂಡ್ತಿ" ಎಂದವನೇ ದೊಣ್ಣೆಯನ್ನು ಅಲ್ಲೇ ಬಿಸಾಕಿ ಮನೆ ಕಡೆ ಓಡಿದ. ಇನ್ನಿಬ್ಬರೂ ದೊಣ್ಣೆ ಬಿಟ್ಟು ಅವನ ಹಿಂದೆ. ಉಳಿದವರು ಸುತ್ತ ನಿಂತು ಒಬ್ಬೊಬ್ಬರಾಗಿ ತಮ್ಮ ಹಸುವಿನ ದಿನ ಹೇಳತೊಡಗಿದರು. ಚಿಕ್ಕತಾಯಮ್ಮ ಬಿದ್ದಿದ್ದ ದೊಣ್ಣೆಗಳನ್ನು ಆಯ್ದುಕೊಂಡು, ಗಂಡನ ಕೈಯಲ್ಲಿದ್ದದ್ದನ್ನೂ ಕಿತ್ತುಕೊಂಡು, ಬಾಣಂತಿಗೆ ನೀರು ಕಾಯಿಸುತ್ತಿದ್ದ ಒಲೆಗೆ ತುರುಕಿದರು.